ಒಗ್ಗರಣೆ ಹಾಕಬಾರದ ಮನೆ

ಮನುಷ್ಯನು ಮನೆಯನ್ನು ಮನುಷ್ಯನಿಗಾಗಿಯೇ ಕಟ್ಟುತ್ತಾನೆ ಎಂಬುದು ನಾಗರಿಕತೆಯ ಮೊದಲ ಪಾಠ. ಆ ಪಾಠ ನಡೆದ ದಿನ ನಮ್ಮ ಭಾವ ಶಾಲೆಗೆ ಚಕ್ಕರ್ ಹೊಡೆದಿದ್ದರೆಂದು ಕಾಣುತ್ತದೆ.

ಹೀಗೆಂದ ಮಾತ್ರಕ್ಕೆ ಅವರನ್ನು ದಡ್ಡರೆಂದು ತಿಳಿಯಬಾರದು. ನನ್ನ ಅಕ್ಕನ ಗಂಡನನ್ನು ದಡ್ಡ ಎನ್ನುವ ಅಧಿಕಾರ ಅಕ್ಕನಿಗೆ ಮಾತ್ರ ಇದೆ. ಅವಳು ಅದನ್ನು ವೈದ್ಯರು ಬರೆದುಕೊಟ್ಟ ಔಷಧಿಯ ಹಾಗೆ ಊಟಕ್ಕೆ ಮುಂಚೆ ತಪ್ಪದೆ ಚಲಾಯಿಸುತ್ತಾಳೆ. ನಾನು ಹೇಳುವುದು ಇಷ್ಟೇ: ಹಳೆಯ ಮನೆ ಕೊಂಡು, ರಿಪೇರಿ ಮಾಡಿ, ಲಾಭಕ್ಕೆ ಮಾರಿದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕೊಳ್ಳಲು ಬಂದವರ ಕಾಲು ತೊಳೆಸಿ, ಅವರನ್ನು ಮೂಸಿ ನೋಡಿ, ಅರ್ಧಕ್ಕರ್ಧ ಗಿರಾಕಿಗಳನ್ನು ಹೊಸಲಿನಿಂದಲೇ ವಾಪಸು ಕಳಿಸಿದವರು ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ!

ಭಾವ ರೇಷ್ಮೆ ಬೆಳೆಗಾರರು. ಬಿಡದಿಯ ಪಕ್ಕದ ಹಳ್ಳಿಯಲ್ಲಿ ಅವರಿಗೆ ಹಿಪ್ಪುನೇರಳೆ ತೋಟವಿತ್ತು. ತೋಟದ ನಡುವೆ ಹುಳ ಸಾಕುವ ಮನೆ. ಅದು ಬಿಟ್ಟು ಉಳಿದ ಜಾಗದಲ್ಲಿ ಮನುಷ್ಯರು ಇರುವ ಮನೆ. ಮಳೆ ಬಂದರೆ ಎರಡನೆಯದು ಸೋರುತ್ತಿತ್ತು. ಮೊದಲನೆಯದು ಸೋರಿದ ದಾಖಲೆಯಿಲ್ಲ. ಹುಳ ಪೊರೆ ಕಳಚುವ ಮುನ್ನ ಸೊಪ್ಪು ಬಿಟ್ಟು, ತಲೆ ಮೇಲೆತ್ತಿಕೊಂಡು, ಅಲುಗಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಅಕ್ಕನ ಮದುವೆಯಾದ ಹೊಸದರಲ್ಲಿ ನಾನು, ಹುಡುಗಿಯ ಕಡೆಯ ಗೌರವಾನ್ವಿತ ಅತಿಥಿ, ಅವರ ಮನೆಗೆ ಹೋದದ್ದು ಅಂಥ ಹೊತ್ತಿನಲ್ಲೇ. ಭಾವ ತುಟಿಯ ಮೇಲೆ ಬೆರಳಿಟ್ಟು, ಬರಿಗಾಲಲ್ಲಿ ತುದಿಬೆರಳ ಮೇಲೆ ನಡೆದು ಬಂದು, ನನ್ನನ್ನು ತೋಳು ಹಿಡಿದು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದರು. ನನಗೆ ಊಟ ಬಡಿಸಿದ್ದೂ ಅಲ್ಲೇ. ಹಪ್ಪಳ ಬಡಿಸಲಿಲ್ಲ. ಸದ್ದಾಗುತ್ತದಂತೆ!

ಹುಳಗಳಿಗೆ ಕಿವಿಯಿದೆಯೇ ಎಂದು ನಾನು ಪಿಸುಮಾತಿನಲ್ಲಿ ಕೇಳಿದೆ.

“ನಿಂಗೈತಲ್ಲ, ಅದ್ರಿಂದ ಏನ್ ಉಪಯೋಗ ಆಯ್ತು?” ಎಂದು ಭಾವ ಅದಕ್ಕಿಂತ ಮೆಲ್ಲಗೆ ಹೇಳಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಡದಿಯ ಕಡೆಯ ಕಾರ್ಖಾನೆಗಳು ಮಗ್ಗುಲು ಬದಲಿಸುತ್ತ, ಕಾಲು ಚಾಚುತ್ತ ಬಂದವು. ಭಾವನ ತೋಟವೂ ಆ ಕಾಲಿನ ಕೆಳಗೆ ಹೋಯಿತು. ತೋಟವಿದ್ದ ಕಡೆ ಒಂದು ಭಾರಿ ಶೆಡ್ಡು ಎದ್ದಿತು. ಊರಿನವರೆಲ್ಲ ಅದರ ಎತ್ತರ ನೋಡಿ ಬಾಯಿ ಬಿಟ್ಟರೆ, ಭಾವ ಬೇಲಿಯಾಚೆ ನಿಂತು ತುಂಬ ಹೊತ್ತು ನೋಡಿ, “ಗಾಳಿಕಿಂಡಿ ಸರ್ಯಾಗ್ ಬುಟ್ಟಿಲ್ಲ ಕಣ್ಲಾ ಮೇಷ್ಟ್ರೇ. ಒಳಗಿರೋವು ಬದ್ಕಲ್ಲ” ಎಂದು ಪಕ್ಕದಲ್ಲಿದ್ದ ನನಗೆ ಹೇಳಿದರು. ಒಳಗೆ ಇದ್ದವರು ಮೂರು ಪಾಳಿಯಲ್ಲಿ ಕೆಲಸ ಮಾಡುವ ನೌಕರರು.

ಅಕ್ಕ, ಭಾವ ರಾಮನಗರಕ್ಕೆ ಬಂದು ಬಾಡಿಗೆ ಮನೆ ಹಿಡಿದರು. ಭಾವನಿಗೆ ಕೆಲಸವಿಲ್ಲ. ಬೆಳಿಗ್ಗೆ ತರಕಾರಿ ತರಲು ಚೀಲ ಹಿಡಿದು ಹೊರಟವರು ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನಿಲ್ಲುತ್ತಿದ್ದರು. ಯಾರೋ ತಂದ ಗೂಡಿನ ರಾಶಿಗೆ ಕೈ ಹಾಕಿ, ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ತಲೆದೂಗಿ, ಹೂವಿನಂತೆ ಮತ್ತೆ ಅಲ್ಲೇ ಇಡುವುದು. ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ! ಅಲ್ಲಿ ಗೂಡು ಕೊಳ್ಳುವ ರೀಲರುಗಳ ಮೇಲೆ ಅವರಿಗೆ ಪೂರ್ವಜನ್ಮದ ವೈರ. “ನಾವು ಮಗೀನಂಗೆ ಸಾಕ್ತೀವಿ, ಅವ್ರು ಬಿಸ್ನೀರ್‌ಗಾಕಿ ಬೇಯಿಸ್ತಾರೆ” ಎಂದು ಹಲ್ಲು ಕಡಿಯುವರು. ಬೇಯಿಸದಿದ್ದರೆ ನೂಲು ಬರುವುದು ಹೇಗೆ, ನಿಮ್ಮ ಗೂಡನ್ನು ಕೊಳ್ಳುವವರು ಯಾರು ಎಂದು ಕೇಳಿದರೆ, ಆ ಕ್ಷಣದಲ್ಲಿ ಭಾವನಿಗೂ ಹುಳಕ್ಕಿರುವಷ್ಟೇ ಕಿವಿ. ಹನ್ನೊಂದು ಗಂಟೆಗೆ ಖಾಲಿ ಚೀಲದೊಂದಿಗೆ ಮನೆಗೆ ಬಂದಾಗ ಅಕ್ಕ ಕೇಳುವಳು: “ಸೊಪ್ಪು?”

“ಸೊಪ್ಪು ಒಸಿ ಬಲ್ತೋಗೈತಂತೆ. ಗೂಡು ಹಗುರ” ಎನ್ನುವರು ಭಾವ. ಅಕ್ಕ ಕೇಳಿದ್ದು ಸಾರಿನ ಸೊಪ್ಪು.

ಹೀಗಿರುವಾಗ ಕೈಲಾಂಚದ ಹತ್ತಿರ ಒಂದು ಸಣ್ಣ ತೋಟ ಮಾರಾಟಕ್ಕಿದೆಯೆಂದು ತಿಳಿಯಿತು. ಬಾವಿಯಿತ್ತು, ಒಳ್ಳೆಯ ಹಿಪ್ಪುನೇರಳೆಯಿತ್ತು. ಯಜಮಾನರು ಭಾವನ ಹಳೆಯ ಪರಿಚಯದ ಮುದುಕರು. “ಯುಗಾದಿವರ್ಗೂ ನಿಂಗೋಸ್ಕರ ಇಟ್ಕೊಂಡಿರ್ತೀನಿ. ಆಮೇಲೆ ನನ್ನ ಕೇಳ್ಬ್ಯಾಡ” ಎಂದು ಮಾತು ಕೊಟ್ಟರು. ಆದರೆ ಹಳ್ಳಿಯ ತೋಟದ ಪರಿಹಾರದಲ್ಲಿ ಉಳಿದದ್ದು ಇದಕ್ಕೆ ಸಾಲದು. ಆಗ ಟೀ ಅಂಗಡಿಯಲ್ಲಿ ಸಿಕ್ಕ ದಲ್ಲಾಳಿಯೊಬ್ಬ ಮಂತ್ರೋಪದೇಶ ಮಾಡಿದ: ಹಾಳುಬಿದ್ದ ಮನೆಯೊಂದನ್ನು ಅಗ್ಗಕ್ಕೆ ಕೊಳ್ಳಿ, ಕೈಯಾರೆ ರಿಪೇರಿ ಮಾಡಿ, ಕಾರ್ಖಾನೆಯವರಿಗೆ ಮಾರಿ, ಬಂದದ್ದರಲ್ಲಿ ತೋಟ ತಗೊಳ್ಳಿ. ಇದರಲ್ಲಿ ಕಷ್ಟ ಏನು? ಏನೂ ಇಲ್ಲ. ಮನೆ ರಿಪೇರಿ ಮಾಡುವವರು ನಮ್ಮ ಭಾವ ಎಂಬುದೊಂದನ್ನು ಬಿಟ್ಟರೆ!

ದಲ್ಲಾಳಿ ತೋರಿಸಿದ್ದು ರಾಮನಗರದ ಅಂಚಿನ ಬೀದಿಯೊಂದರಲ್ಲಿ ಸೊಂಟ ಬಗ್ಗಿಸಿಕೊಂಡು ನಿಂತಿದ್ದ ಪುಟ್ಟ ಹೆಂಚಿನ ಮನೆ. ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ನುಗ್ಗೆಮರ. ಮುಂಬಾಗಿಲಿಗೆ ದೊಡ್ಡ ಬೀಗ ಹಾಕಿತ್ತು. ಪಕ್ಕದ ಗೋಡೆ ಬಿದ್ದಿದ್ದರಿಂದ ಬೀಗ ತೆಗೆಯುವ ಗೋಜಿಗೆ ಹೋಗದೆ ಒಳಗೆ ಹೋದೆವು. ಬೇರೆಯವರಾದರೆ ತೊಲೆ ಬಡಿದು, ತಳಪಾಯ ಕೆದಕಿ ನೋಡುತ್ತಿದ್ದರು. ಭಾವ ನಡುಮನೆಯಲ್ಲಿ ಕಣ್ಣು ಮುಚ್ಚಿ ನಿಂತು, ಒದ್ದೆ ಬೆರಳೊಂದನ್ನು ಎತ್ತಿ ಹಿಡಿದು ಗಾಳಿ ಬರುವ ದಿಕ್ಕು ನೋಡಿದರು. ಆಮೇಲೆ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಮೂಸಿದರು.

ದಲ್ಲಾಳಿ ಅವಸರದಲ್ಲಿದ್ದ. “ಗೌಡ್ರೇ, ರಾಮನಗರ ಇನ್ನೇನು ಜಿಲ್ಲೆ ಆಯ್ತದೆ. ಆಮ್ಯಾಕೆ ಈ ಬೀದಿಗೆ ಡೀಸಿ ಸಾಹೇಬ್ರೇ ಮನೆ ಕೇಳ್ಕೊಂಡು ಬತ್ತಾರೆ!”

“ಅವ್ರು ಬೀಡಿ ಸೇದ್ತಾರಾ?” ಎಂದರು ಭಾವ.

ರೇಷ್ಮೆ ಹುಳಕ್ಕೆ ಹೊಗೆಸೊಪ್ಪು ವಿಷ. ದಲ್ಲಾಳಿಗೆ ಅದು ಗೊತ್ತಿರಲಿಲ್ಲ. ಅವನು ನನ್ನ ಕಡೆ ನೋಡಿದ. ನಾನು ನುಗ್ಗೆಮರದ ಕಡೆ ನೋಡಿದೆ.

ಮಾಗಡಿಯಲ್ಲಿ ಮೇಷ್ಟ್ರಾಗಿದ್ದ ನಾನು ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ರಾಮನಗರಕ್ಕೆ ಬಂದು, ಭಾನುವಾರ ಸಂಜೆ ಸುಣ್ಣ ಮೆತ್ತಿದ ಮೀಸೆಯೊಂದಿಗೆ ಹಿಂದಿರುಗುತ್ತಿದ್ದ ಕಾಲ ಅದು. ಪರಿಹಾರದ ಹಣದಲ್ಲಿ ಮನೆ ಕೊಂಡದ್ದಾಯಿತು. ಬಿದ್ದ ಗೋಡೆಯನ್ನು ಎತ್ತಲು ಮಾತ್ರ ಗಾರೆಯವರನ್ನು ಕರೆಸಿದರು. ಉಳಿದದ್ದೆಲ್ಲ ಭಾವ, ನಾನು. ಅಡಿ, ಅಂಗುಲಗಳಲ್ಲಿ ಭಾವನಿಗೆ ನಂಬಿಕೆಯಿರಲಿಲ್ಲ. ಹುಳ ಮೇಯಿಸುವ ಬಿದಿರಿನ ತಟ್ಟೆಯೊಂದು ಹಳ್ಳಿಯಿಂದ ಜೊತೆಗೆ ಬಂದಿತ್ತು. ಅದನ್ನು ಗೋಡೆಗೆ ಆನಿಸಿ ಆನಿಸಿ ಕೋಣೆ ಅಳೆದರು.

“ಬಾವ, ಇಲ್ಲಿ ಮಂಚ ಹಾಕ್ತಾರೆ” ಎಂದೆ.

“ಮಂಚ ಒಂದೇ ಅಂತಸ್ತು. ಮ್ಯಾಲಿನ ಜಾಗೆಲ್ಲ ದಂಡ ಕಣ್ಲಾ” ಎಂದರು. ಮುಂದಿನ ವಾರ ಬರುವಷ್ಟರಲ್ಲಿ ಕೋಣೆಯೊಳಗೆ ಅಟ್ಟದ ಮೇಲೆ ಅಟ್ಟ ಎದ್ದಿತ್ತು. ಅಟ್ಟದ ಕಾಲುಗಳ ಕೆಳಗೆ ಸಿಮೆಂಟಿನ ಬಟ್ಟಲು, ಬಟ್ಟಲ ತುಂಬ ನೀರು. ಇರುವೆ ಹತ್ತಬಾರದಲ್ಲ! ದಲ್ಲಾಳಿ ಅದನ್ನು ಸುತ್ತಿ ಬಂದು, “ಮೈಸೂರು ರೈಲಿನ ಬರ್ತ್ ಇದ್ದಂಗೈತೆ ಗೌಡ್ರೇ. ಟಿಕೀಟು ಯಾರು ಕೊಡೋದು?” ಎಂದ.

ಸೂರಿನ ಕೆಳಗೆ ಸುತ್ತಲೂ ಗಾಳಿಕಿಂಡಿ, ನೆಲದ ಮಟ್ಟದಲ್ಲಿ ಇನ್ನೊಂದು ಸಾಲು. ಎಲ್ಲಕ್ಕೂ ನೊಣ ನುಸುಳದಂಥ ಬಲೆ. ಗೋಡೆಗೆ ಸುಣ್ಣದ ಮೇಲೆ ಸುಣ್ಣ. ಬಾಗಿಲಲ್ಲಿ ಒಂದು ತಗ್ಗು, ತಗ್ಗಿನಲ್ಲಿ ಬ್ಲೀಚಿಂಗ್ ಪೌಡರಿನ ನೀರು. ಅದರಲ್ಲಿ ಪಾದ ಅದ್ದದೆ ಒಳಗೆ ಬರುವಂತಿಲ್ಲ. ಮನೆ ತಣ್ಣಗೆ, ಬೆಳ್ಳಗೆ, ಸದ್ದಿಲ್ಲದೆ ಒಳ್ಳೆಯ ಆಸ್ಪತ್ರೆಯ ಹಾಗೆ ಕಾಣತೊಡಗಿತು. ಕೊನೆಗೆ ಭಾವ ಅಡಿಗೆಮನೆಯ ಒಲೆಕಟ್ಟೆಯನ್ನೇ ಒಡೆದು, ಹಿತ್ತಲಿನ ನುಗ್ಗೆಮರದಡಿಗೆ ಸಾಗಿಸಿದರು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಇದ್ಯಾಕೆ?”

“ಒಳಗೆ ಒಗ್ಗರಣೆ ಹಾಕ್ಬಾರ್ದು ಅಮ್ಮಿ. ಘಾಟು ಆಗ್‌ಬರಲ್ಲ.”

“ಒಗ್ಗರಣೆ ಹಾಕ್ಬಾರ್ದಾ? ಮತ್ತೆ ಈ ಮನೆಗೆ ಬರೋರು ಏನು ತಿಂತಾರೆ? ಮೂರು ಹೊತ್ತೂ ಸೊಪ್ಪಾ?”

“ನಾಕು ಹೊತ್ತು” ಎಂದರು ಭಾವ, ಗಾರೆ ಮೆತ್ತುತ್ತ, ತಿರುಗಿಯೂ ನೋಡದೆ.

ನಾನೂ ಅಕ್ಕನೂ ಬಿದ್ದು ಬಿದ್ದು ನಕ್ಕೆವು. ಭಾವನ ಕೈ ಮಾತ್ರ ಗೋಡೆಯ ಮೇಲೇ ನಿಂತಿತ್ತು. ಹೇಳಿದ್ದೇನು ಎಂದು ಅವರಿಗೆ ಆಗ ಹೊಳೆಯಿತು. ಕರಣೆಯನ್ನು ಕೆಳಗಿಟ್ಟು, ಬೆಳ್ಳಗಿನ ಗೋಡೆಗಳನ್ನು, ಬಲೆಯ ಕಿಂಡಿಗಳನ್ನು, ಅಟ್ಟಗಳನ್ನು ಬೇರೆ ಯಾರೋ ಕಟ್ಟಿದ್ದೆಂಬಂತೆ ನೋಡಿದರು. “ಕೈಗೆ ಬ್ಯಾರೆ ಮನೆ ಗೊತ್ತಿಲ್ಲ ಕಣ್ಲಾ” ಎಂದರು. ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡು, ಒಲೆಗೆ ಮಣ್ಣು ಕಲೆಸಲು ಹಿತ್ತಲಿಗೆ ಹೋದಳು.

ಇನ್ನು ಗಿರಾಕಿಗಳ ಪರ್ವ. ಮೊದಲು ಬಂದವರು ಕಾರ್ಖಾನೆಯ ಸೂಪರ್‌ವೈಸರೊಬ್ಬರು ಮತ್ತು ಅವರ ಪತ್ನಿ. ಅವರು ಸೆಂಟು ಹಾಕಿಕೊಂಡು ಬಂದಿದ್ದರು. ಭಾವ ಮೂಗು ಮುಂದೆ ಮಾಡಿ, “ಒಸಿ ಮೈಮೇಲೆ ಗಾಳಿ ಆಡ್ಲಿ” ಎಂದು ಅವರನ್ನು ಜಗಲಿಯ ಮೇಲೆ ಕೂರಿಸಿದರು. ತಾಸು ಹೊತ್ತು ಗಾಳಿಯಾಡಿಸಿಕೊಂಡ ಮೇಲೆ, ಪಾದ ಅದ್ದಿಸಿ ಒಳಗೆ ಬಿಟ್ಟರು. ಆ ತಾಯಿ ಮನೆಯನ್ನು ಮೆಚ್ಚಿ, “ಸೊಳ್ಳೆ ಕಾಟ ಇದೆಯಾ? ರಾತ್ರಿ ಬತ್ತಿ ಹಚ್ಚಬೇಕಾಗುತ್ತಾ?” ಎಂದು ವಿಚಾರಿಸಿದರು.

“ಬತ್ತೀನಾ?” ಭಾವ ಎದೆ ಹಿಡಿದುಕೊಂಡರು. “ಒಂದೇ ರಾತ್ರಿ ಸಾಕು ಕಣವ್ವ. ಬೆಳಿಗ್ಗೆ ಒಂದೂ ಉಳ್ಕೊಂಡಿರಲ್ಲ!”

ಸೊಳ್ಳೆಗಳ ಬಗ್ಗೆ ಹೇಳುತ್ತಿದ್ದಾರೆಂದು ಆ ತಾಯಿಗೆ ಸಂತೋಷವಾಯಿತು. ಗಂಡ ಮಾತ್ರ ಭಾವನ ಮುಖ ನೋಡಿ, ಹೆಂಡತಿಯ ಕೈ ಹಿಡಿದು, ಮೆಲ್ಲಗೆ ಹೊರಗೆ ಕರೆದುಕೊಂಡು ಹೋದರು.

ಮುಂದಿನ ಸಲ ಬಾಯಿ ಬಿಡಬಾರದೆಂದು ದಲ್ಲಾಳಿ ಭಾವನಿಂದ ಆಣೆ ಮಾಡಿಸಿಕೊಂಡ. ಭಾವ ಮಾತಿಗೆ ತಪ್ಪಲಿಲ್ಲ. ಬಂದ ಗಿರಾಕಿ ಒಳಗೆ ನಿಂತು ಸಿಗರೇಟು ತುಟಿಗಿಟ್ಟಾಗ, ಒಂದು ಮಾತೂ ಆಡದೆ ಅದನ್ನು ಕಿತ್ತು, ಬಾಗಿಲ ಬಳಿಯ ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ವಿನಯದಿಂದ ಮತ್ತೆ ಅವರ ಕೈಗೇ ಕೊಟ್ಟರು!

ಹೀಗೆ ಯುಗಾದಿ ಹತ್ತಿರ ಬಂತು. ಒಂದು ಭಾನುವಾರ ಭಾವ ನನ್ನನ್ನು ಟೀವಿಎಸ್ ಹಿಂದೆ ಕೂರಿಸಿಕೊಂಡು ಕೈಲಾಂಚಕ್ಕೆ ಹೊರಟರು. ತೋಟದೊಳಗೆ ಕಾಲಿಡುತ್ತಲೇ ಅವರು ಚಪ್ಪಲಿ ಬಿಟ್ಟರು. ಸಾಲಿನ ನಡುವೆ ನಡೆದು ಹೋದರು, ಬಂದರು. ಎಲೆಯೊಂದನ್ನು ಕಿತ್ತು ಹಿಂಡಿದರು, ಮೂಸಿದರು, ಒಂದು ಚೂರು ಬಾಯಿಗೂ ಹಾಕಿಕೊಂಡರು.

“ಪ್ಯಾಟೆ ಮನೇಲಿ ಎಚ್ಚರ ಆಯ್ತದೆ ಮೇಷ್ಟ್ರೇ” ಎಂದರು. “ಸೊಪ್ಪು ಹಾಕೋ ಹೊತ್ತು ಆಯ್ತು ಅಂತ ಎದ್ದು ಕೂತ್ಕತೀನಿ. ಯಾರ್ಗೆ ಹಾಕ್ಲಿ? ನಿಮ್ಮಕ್ಕನೂ ಎದ್ದು ಕೂತಿರ್ತಾಳೆ. ಇಬ್ರೂ ಒಂದ್ ಲೋಟ ನೀರು ಕುಡ್ದು ಮಲಿಕ್ಕತೀವಿ.”

ತೋಟದ ಮುದುಕರು ಬಾವಿಕಟ್ಟೆಯ ಮೇಲೆ ಕೂತಿದ್ದರು. “ಮನೆ ಹೋಯ್ತೇನಪ್ಪಾ?” ಎಂದರು.

“ಇವತ್ತೋ ನಾಳೆಯೋ” ಎಂದರು ಭಾವ. ಹೊರಡುವಾಗ ನಾಲ್ಕು ಎಲೆ ಕಿತ್ತು ಜೇಬಿನಲ್ಲಿ ಇಟ್ಟುಕೊಂಡರು. ಅವುಗಳನ್ನು ತಿನ್ನುವವರು ಯಾರೂ ನಮ್ಮ ಮನೆಯಲ್ಲಿ ಇರಲಿಲ್ಲ.

ಆ ವಾರವೇ ಒಬ್ಬ ನಿಜವಾದ ಗಿರಾಕಿ ಸಿಕ್ಕಿದರು. ಬಲೆ, ಕಿಂಡಿ, ಅಟ್ಟ ಎಲ್ಲ ಅವರಿಗೆ ಒಪ್ಪಿಗೆ. ಬೆಲೆಯೂ ಒಪ್ಪಿಗೆ, ಭಾನುವಾರವೇ ಮುಂಗಡ, ಹಬ್ಬಕ್ಕೆ ಮುಂಚೆ ಪೂರ್ತಿ. ಅಟ್ಟವನ್ನು ಮೊದಲ ಬಾರಿಗೆ ಒಬ್ಬ ಮನುಷ್ಯ ಹೊಗಳಿದ್ದ! ಒಂದೇ ಒಂದು ವಿಷಯ. ಅವರದು ಬೆಳೆಗೆ ಹೊಡೆಯುವ ಕ್ರಿಮಿನಾಶಕದ ಅಂಗಡಿ. ಡಬ್ಬಗಳನ್ನು ಇಡಲು ಗೋಡೌನು ಬೇಕಾಗಿತ್ತು.

ಹುಳದ ಮನೆಯಲ್ಲಿ ಹುಳ ಕೊಲ್ಲುವ ಔಷಧಿ! ಭಾವ ಎರಡು ದಿನ ಅನ್ನ ಬಿಟ್ಟರು. ಅಕ್ಕ ಆ ಎರಡು ದಿನ ಅವರನ್ನು ದಡ್ಡ ಎನ್ನಲಿಲ್ಲ. ಪರಿಸ್ಥಿತಿಯ ಗಾಂಭೀರ್ಯ ಇದರಿಂದಲೇ ತಿಳಿಯಬೇಕು. ಮೂರನೆಯ ದಿನ ಭಾವ, “ಏನಾದ್ರೂ ಇಟ್ಕಳ್ಳಿ. ನಂಗೆ ತೋಟ ಬೇಕು” ಎಂದು ಒಪ್ಪಿಕೊಂಡರು.

ಭಾನುವಾರ ಬೆಳಿಗ್ಗೆ ನಾವು ಮೂವರೂ ಆ ಮನೆಯಲ್ಲಿದ್ದೆವು. ಮುಂಗಡ ತರುವವರಿಗೆ ಊಟ ಹಾಕಬೇಕೆಂದು ಅಕ್ಕ ಹಿತ್ತಲ ಒಲೆಯಲ್ಲಿ ಸಾರು ಇಟ್ಟಿದ್ದಳು. ಅಷ್ಟರಲ್ಲಿ ಆಟೋ ಒಂದು ಬಂದು ನಿಂತಿತು. ಇಳಿದವರು ಅವರಲ್ಲ, ಬಿಳಿ ಗಡ್ಡದ ಸಾಹೇಬರೊಬ್ಬರು. ಅವರ ತೋಳು ಹಿಡಿದು, ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತ ಅವರ ಹೆಂಡತಿ. ಮನೆ ಮಾರಾಟಕ್ಕಿದೆಯೆಂದು ದಲ್ಲಾಳಿ ಎಂದೋ ಹೇಳಿದ್ದನಂತೆ. ಮಾತು ಮುಗಿದಿರುವುದು ಅವರಿಗೆ ತಿಳಿಯದು.

ಸಾಹೇಬರು ಬಾಗಿಲ ತಗ್ಗಿನ ನೀರು ನೋಡಿದರು. ಯಾರೂ ಹೇಳದೆಯೇ ಪಾದ ಅದ್ದಿದರು, ಹೆಂಡತಿಯ ಪಾದವನ್ನೂ ಅದ್ದಿಸಿದರು. ಒಳಗೆ ಬಂದು ಮೇಲೆ ಕೆಳಗೆ ನೋಡಿ ನಕ್ಕುಬಿಟ್ಟರು. “ಗೌಡ್ರೇ, ಇದು ಹುಳದ್ ಮನೆ ಅಲ್ವಾ!”

ಅಷ್ಟು ದಿನದಲ್ಲಿ ಅದನ್ನು ಗುರುತಿಸಿದವರು ಅವರೊಬ್ಬರೇ. ಭಾವನ ಮುಖ ಅರಳಿತು. “ತಾವು ಬೆಳೆಗಾರ್ರಾ ಸಾಹೇಬ್ರೇ?”

“ಇಲ್ಲ. ರೀಲರು.”

ಅರಳಿದ ಮುಖ ಮುದುಡಿತು.

“ನೂಲು ತೆಗ್ದಿದ್ದು ನಾನಲ್ಲ, ಇವ್ಳು” ಎಂದರು ಸಾಹೇಬರು. “ಚಿಕ್ಕ ಹುಡುಗಿಯಿಂದ ಬಿಸಿನೀರಿನ ಮುಂದೆ ಕೂತು, ಆ ಹಬೆ, ಆ ಹೊಗೆ ಎಲ್ಲ ಕುಡ್ದು ಕುಡ್ದು ಉಸಿರು ಕಟ್ಟೋಗಿದೆ. ಮಲಗಿದ್ರೆ ನಿದ್ದೆ ಇಲ್ಲ. ನಮ್ಮ ಬೀದೀಲಿ ಯಾವ ಮನೆಗೆ ಹೋದ್ರೂ ಹೊಗೆ. ಡಾಕ್ಟ್ರು ಗಾಳಿ ಇರೋ ಮನೆ ನೋಡಿ ಅಂದ್ರು. ಮಿಷಿನ್ ಮಾರ್ಬಿಟ್ಟು ದುಡ್ಡು ಕೊಡ್ತೀನಿ. ಆದ್ರೆ ದುಡ್ಡು ಕೈಗೆ ಬರೋಷ್ಟ್ರಲ್ಲಿ ಮಳೆಗಾಲ ಬರ್ತದೆ.”

ಯುಗಾದಿ ಮುಂದಿನ ವಾರವಿತ್ತು. ಭಾವ ಬೇರೆಯವರಿಗೆ ಮಾತು ಕೊಟ್ಟಾಗಿದೆಯೆಂದು ಹೇಳಲು ಗಂಟಲು ಸರಿಮಾಡಿಕೊಂಡರು. ಹೇಳುವ ಮುನ್ನ ಯಾಕೋ ಆ ತಾಯಿಯ ಕಡೆ ತಿರುಗಿದರು.

ಅವರು ಗೋಡೆಗೆ ಒರಗಿ ಕೂತಿದ್ದರು. ಕೆಳಗಿನ ಕಿಂಡಿಯಿಂದ ಬಂದ ಗಾಳಿ ಸೂರಿನ ಕಿಂಡಿಯ ಕಡೆ ಹೋಗುತ್ತಿತ್ತು. ಏದುಸಿರು ನಿಂತಿತ್ತು. ತಲೆ ಒಂದಿಷ್ಟು ಮೇಲಕ್ಕೆ ಎತ್ತಿ, ಕಣ್ಣು ಮುಚ್ಚಿ, ಅಲುಗಾಡದೆ ಅವರು ನಿದ್ದೆ ಹೋಗಿದ್ದರು.

ಬೀದಿಯಲ್ಲಿ ಸ್ಕೂಟರಿನ ಹಾರನ್ನು ಕೇಳಿಸಿತು. ಮುಂಗಡ ಬಂದಿತ್ತು. ಭಾವ ತುಟಿಯ ಮೇಲೆ ಬೆರಳಿಟ್ಟು, ಬರಿಗಾಲಲ್ಲಿ, ತುದಿಬೆರಳ ಮೇಲೆ ಹೊರಗೆ ಹೋದರು. ನಾನು ಆ ನಡಿಗೆಯನ್ನು ಕಂಡು ಎಷ್ಟೋ ವರ್ಷವಾಗಿತ್ತು. ಹಿಂದೆಯೇ ಹೋದೆ.

“ಹಾರನ್ ಬ್ಯಾಡಿ” ಎಂದು ಭಾವ ಸ್ಕೂಟರಿನವರಿಗೆ ಮೆಲ್ಲಗೆ ಹೇಳುತ್ತಿದ್ದರು. “ಇವತ್ತು ಆಗಲ್ಲ, ಹೋಗ್ಬನ್ನಿ.”

“ನಾಳೆ ಬರ್ಲಾ?”

“ನಾಳೇನೂ ಆಗಲ್ಲ ಕಣಪ್ಪ.”

“ಮಾತು ಕೊಟ್ಟಿದ್ರಲ್ಲ ಗೌಡ್ರೇ!”

“ಕೊಟ್ಟಿದ್ದೆ. ತೆಪ್ಪಾಯ್ತು. ಮೆಲ್ಲುಕ್ ಮಾತಾಡಿ, ಒಳಗೆ ಜ್ವರಕ್ಕೆ ಕೂತವ್ರೆ.”

ಸ್ಕೂಟರಿನ ಹಿಂದೆ ಕೂತಿದ್ದ ದಲ್ಲಾಳಿ ಹಣೆ ಬಡಿದುಕೊಂಡ. ಅದನ್ನೂ ಭಾವ ಸದ್ದಾಗುತ್ತದೆಂದು ಕೈಸನ್ನೆಯಿಂದ ತಡೆದರು.

ಹಿತ್ತಲಿಗೆ ಬಂದಾಗ ಅಕ್ಕ ಒಲೆಯ ಮುಂದಿದ್ದಳು. ಒಗ್ಗರಣೆಯ ಸೌಟಿನಲ್ಲಿ ಎಣ್ಣೆ ಕಾದಿತ್ತು, ಕೈಯಲ್ಲಿ ಮೆಣಸಿನಕಾಯಿ, ಸಾಸಿವೆ. ಅಕ್ಕ ಬಾಗಿಲ ಕಡೆ ನೋಡಿದಳು, ಗಂಡನ ಮುಖ ನೋಡಿದಳು.

“ತೋಟ?” ಎಂದಳು.

ಭಾವ ಇಲ್ಲವೆಂದು ತಲೆಯಾಡಿಸಿದರು.

ಅಕ್ಕ ಮೆಣಸಿನಕಾಯನ್ನು ತಟ್ಟೆಗೆ ಹಾಕಿ, ಸೌಟನ್ನು ಒಲೆಯಿಂದ ಇಳಿಸಿ, ಉರಿಯ ಕೊಳ್ಳಿಗಳನ್ನು ಹೊರಗೆಳೆದು ನೀರು ಚಿಮುಕಿಸಿದಳು. ಆ ತಾಯಿ ಏಳುವವರೆಗೆ ನಾವು ಮೂವರೂ, ಸಾಹೇಬರೂ, ನುಗ್ಗೆಮರದಡಿ ಮಾತಿಲ್ಲದೆ ಕೂತಿದ್ದೆವು. ಮಧ್ಯಾಹ್ನ ಎಲ್ಲರೂ ಒಗ್ಗರಣೆಯಿಲ್ಲದ ಸಾರು ಉಂಡೆವು.

ಮನೆ ಮಳೆಗಾಲದಲ್ಲಿ ಸಾಹೇಬರ ಹೆಸರಿಗೆ ಆಯಿತು. ಕೈಲಾಂಚದ ತೋಟವನ್ನು ಯುಗಾದಿಯಾದ ಮೇಲೆ ಬೇರೆಯವರು ಕೊಂಡರು.